ತಿಳಿದಷ್ಟೂ ಹೆಚ್ಚುವ ಬೆರಗು

2007ರ ಜುಲೈ 7ರಂದು ಪೋರ್ಚುಗಲ್‌ನ ಲಿಸ್ಬನ್ ನಗರದ ಕ್ರೀಡಾಂಗಣವೊಂದರಲ್ಲಿ ಜಗತ್ತಿನ ಹೊಸ ಏಳು ಅದ್ಭುತಗಳ ಹೆಸರುಗಳನ್ನು ಘೋಷಿಸಿದರು. ಆ ಆಯ್ಕೆಯಲ್ಲಿ ನನ್ನದೂ ಒಂದು ಮತವಿತ್ತು. ತಾಜ್ ಮಹಲಿಗೆ ಮತ ಹಾಕಿ ಎಂದು ಮೊಬೈಲಿಗೆ ಬಂದ ಸಂದೇಶವನ್ನು ಓದಿ, ಅರ್ಧ ನಿಮಿಷದಲ್ಲಿ ಆ ಕೆಲಸ ಮುಗಿಸಿದ್ದೆ. ಅಂತಿಮ ಸುತ್ತಿನಲ್ಲಿದ್ದ 21 ಸ್ಥಳಗಳಲ್ಲಿ ಉಳಿದ 20 ಯಾವುವು ಎಂದು ಕಣ್ಣಾಡಿಸಿಯೂ ಇರಲಿಲ್ಲ. ಮಾಲಿ ದೇಶದ ತಿಂಬುಕ್ಟು, ಕಾಂಬೋಡಿಯಾದ ಆಂಕೋರ್, ಈಸ್ಟರ್ ದ್ವೀಪದ ಶಿಲಾಮೂರ್ತಿಗಳು ಅವುಗಳಲ್ಲಿ ಸೇರಿದ್ದವೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ನೋಡದೆ ಬದಿಗೆ ತಳ್ಳಿದ ಆ ಸ್ಥಳಗಳ ಬಗ್ಗೆ ಒಂದೊಂದಾಗಿ ಓದುತ್ತ ಬಂದಂತೆ, ಒಂದು ಕಟ್ಟಡವನ್ನು ಜಗತ್ತಿನ ಅದ್ಭುತ ಎಂದು ಕರೆಯುವಾಗ ನಾವು ನಿಜಕ್ಕೂ ಏನನ್ನು ಅಳೆಯುತ್ತಿದ್ದೇವೆ ಎಂಬ ಪ್ರಶ್ನೆ ನನ್ನನ್ನು ಬಿಡದೆ ಹಿಂಬಾಲಿಸಿದೆ.

ಅಂದಿನ ಮತದಾನವನ್ನು ನಡೆಸಿದ್ದು ಬರ್ನಾರ್ಡ್ ವೆಬರ್ ಎಂಬವರು ಕಟ್ಟಿದ ಖಾಸಗಿ ಸಂಸ್ಥೆ. ಸುಮಾರು 10 ಕೋಟಿ ಮತಗಳು ಬಂದವೆಂದು ಸಂಘಟಕರು ಹೇಳಿದರು. ಅಂತರಜಾಲ ಮತ್ತು ದೂರವಾಣಿ ಇದ್ದವರು ಮಾತ್ರ ಪಾಲ್ಗೊಳ್ಳಬಹುದಾಗಿದ್ದ, ಒಬ್ಬರೇ ಹಲವು ಸಲ ಮತ ಹಾಕಲು ಅವಕಾಶವಿದ್ದ, ಬ್ರೆಜಿಲ್ ಮತ್ತು ಜೋರ್ಡನ್‌ನಂಥ ದೇಶಗಳಲ್ಲಿ ದೊಡ್ಡ ಪ್ರಚಾರವೇ ನಡೆದಿದ್ದ ಆಯ್ಕೆ ಅದು. ಯುನೆಸ್ಕೋ ಫಲಿತಾಂಶಕ್ಕೆ ಮೊದಲೇ ತನಗೂ ಇದಕ್ಕೂ ಸಂಬಂಧವಿಲ್ಲವೆಂದು ಸ್ಪಷ್ಟಪಡಿಸಿತು. ಗೀಜಾದ ಮಹಾ ಪಿರಮಿಡ್ಡನ್ನೂ ಸ್ಪರ್ಧೆಗೆ ಇಟ್ಟದ್ದಕ್ಕೆ ಈಜಿಪ್ಟ್ ಸಿಟ್ಟಾದಾಗ, ಅದಕ್ಕೆ ಮತವಿಲ್ಲದೆಯೇ ಗೌರವ ಸ್ಥಾನ ಕೊಟ್ಟರು. ಹೀಗೆ ಆಯ್ಕೆಯಾದ ಏಳೂ ಕಳಪೆಯೆಂದು ನಾನು ಹೇಳುತ್ತಿಲ್ಲ. ಆದರೆ ಒಂದು ದೇಶದ ಜನ ತಮ್ಮ ಕಟ್ಟಡವನ್ನು ಎಷ್ಟು ಪ್ರೀತಿಸುತ್ತಾರೆ ಎಂಬುದನ್ನು ಅಳೆದು, ಬಂದ ಅಂಕಿಗೆ ಜಗತ್ತಿನ ಅದ್ಭುತವೆಂಬ ಹೆಸರಿಡುವುದು ಸರಿಯಲ್ಲ. ಪ್ರೀತಿ ಬೇರೆ, ಬೆರಗು ಬೇರೆ.

ಪುರಾತನ ಜಗತ್ತಿನ ಏಳು ಅದ್ಭುತಗಳ ಹಳೆಯ ಪಟ್ಟಿಯಾದರೂ ನಿಷ್ಪಕ್ಷಪಾತವಾಗಿತ್ತೇ ಎಂದರೆ ಅದೂ ಇಲ್ಲ. ಪುರಾತನ ಗ್ರೀಕರು ಈ ಏಳಕ್ಕೆ ಬಳಸಿದ ಒಂದು ಪದಕ್ಕೆ ‘ನೋಡತಕ್ಕವು’ ಎಂದಷ್ಟೇ ಅರ್ಥ. ಅದು ಮೆಡಿಟರೇನಿಯನ್ ಸಮುದ್ರದ ಸುತ್ತ ಓಡಾಡಿದವರ ಪಟ್ಟಿ. ಅವರ ಹಡಗು ಮುಟ್ಟದ ಜಗತ್ತು ಅದರಲ್ಲಿ ಇಲ್ಲ. ಸೀದೋನಿನ ಕವಿ ಆಂಟಿಪಾಟರ್ ಬರೆದ ಪದ್ಯದಲ್ಲಿ ಬ್ಯಾಬಿಲಾನಿನ ಕೋಟೆಗೋಡೆಯಿದೆ, ಅಲೆಕ್ಸಾಂಡ್ರಿಯಾದ ದೀಪಸ್ತಂಭವಿಲ್ಲ. ಎಲ್ಲರ ಬಾಯಲ್ಲಿರುವ ಬ್ಯಾಬಿಲಾನಿನ ತೂಗುದೋಟದ ಬಗ್ಗೆ ಬ್ಯಾಬಿಲಾನಿನದೇ ಆದ ಒಂದು ಬರಹವೂ ಈವರೆಗೆ ಸಿಕ್ಕಿಲ್ಲ. ರೋಡ್ಸ್ ದ್ವೀಪದ ಬೃಹತ್ ಕಂಚಿನ ಪ್ರತಿಮೆ ಕ್ರಿ.ಪೂ. 226ರ ಭೂಕಂಪದಲ್ಲಿ ಬೀಳುವ ಮುನ್ನ ನಿಂತಿದ್ದದ್ದು ಅರ್ಧ ಶತಮಾನಕ್ಕಿಂತ ತುಸು ಹೆಚ್ಚು ಕಾಲ ಮಾತ್ರ. ಆದರೂ ಅವರು ಕೈಗೆತ್ತಿಕೊಂಡ ಕೆಲಸದಲ್ಲಿ ಒಂದು ಪ್ರಾಮಾಣಿಕತೆಯಿತ್ತು. ಅವರು ಗೆಲ್ಲಿಸಲು ಹೊರಟವರಲ್ಲ, ಪಯಣಿಗನಿಗೆ ದಾರಿ ಹೇಳಲು ಹೊರಟವರು. ಏಳು ಕಟ್ಟಡಗಳಲ್ಲಿ ಕೆಲವು ತಮ್ಮದಲ್ಲದ ಈಜಿಪ್ಟ್ ಮತ್ತು ಬ್ಯಾಬಿಲಾನಿಗೆ ಸೇರಿದವು ಎಂಬ ಕಾರಣಕ್ಕೆ ಅವರು ಹಿಂಜರಿಯಲಿಲ್ಲ.

ನನ್ನ ಅಳತೆಗೋಲು ಇಷ್ಟೇ: ಒಂದು ಸ್ಥಳದ ಬಗ್ಗೆ ಹೆಚ್ಚು ತಿಳಿದಂತೆ ಬೆರಗು ಹೆಚ್ಚಬೇಕು. ಮೊದಲ ನೋಟಕ್ಕೆ ಬಾಯಿ ತೆರೆಸುವ ಕಟ್ಟಡಗಳು ಜಗತ್ತಿನಲ್ಲಿ ಸಾವಿರಾರು ಇವೆ. ಹೇಗೆ ಕಟ್ಟಿದರು, ಯಾವ ಸಾಧನಗಳಿಂದ ಕಟ್ಟಿದರು, ಯಾವ ತೊಡಕನ್ನು ಗೆದ್ದರು ಎಂದು ವಿಚಾರಿಸುತ್ತ ಹೋದಾಗ ಆ ಬಾಯಿ ಮುಚ್ಚಿಹೋದರೆ ಅದು ಸುಂದರ ಕಟ್ಟಡ. ವಿಚಾರಿಸಿದಷ್ಟೂ ಮಾತು ಹೊರಡದಂತಾದರೆ ಅದು ಅದ್ಭುತ.

ಜೋರ್ಡನ್‌ನ ಪೆಟ್ರಾವನ್ನೇ ತೆಗೆದುಕೊಳ್ಳಿ. ಹೊಸ ಏಳರಲ್ಲಿ ಅದು ಇದೆ, ಆದರೆ ಇರಬೇಕಾದ ಕಾರಣಕ್ಕಲ್ಲ ಎಂಬುದು ನನ್ನ ಅನಿಸಿಕೆ. ಚಿತ್ರಗಳಲ್ಲಿ ಎಲ್ಲರೂ ನೋಡುವುದು ಕಡಿದಾದ ಕಣಿವೆಯ ಕೊನೆಯಲ್ಲಿ ಗುಲಾಬಿ ಬಣ್ಣದ ಬಂಡೆಯಲ್ಲಿ ಕೊರೆದ ಎತ್ತರದ ಮುಖಮಂಟಪವನ್ನು. ಅದರ ಹಿಂದೆ ದೊಡ್ಡ ಅರಮನೆಯೇನೂ ಇಲ್ಲ. ಬರಿಯ ಕೆಲವು ಕೋಣೆಗಳಿವೆ. ನಿಜವಾದ ಸಾಹಸ ಇರುವುದು ನೀರಿನಲ್ಲಿ. ವರ್ಷವೆಲ್ಲ ಒಣಗಿರುವ, ಮಳೆ ಬಂದರೆ ಒಮ್ಮೆಲೇ ಪ್ರವಾಹ ನುಗ್ಗುವ ಕಣಿವೆಯಲ್ಲಿ ನಬಾಟಿಯನ್ ಜನ ಒಂದು ರಾಜಧಾನಿಯನ್ನು ಸಾಕಿದರು. ಕಣಿವೆಯ ಬಾಯಿಗೆ ಒಡ್ಡು ಕಟ್ಟಿ, ಬಂಡೆಯಲ್ಲಿ ಸುರಂಗ ಕೊರೆದು ಪ್ರವಾಹವನ್ನು ಪಕ್ಕಕ್ಕೆ ತಿರುಗಿಸಿದರು. ಕಣಿವೆಯ ಗೋಡೆಗಳುದ್ದಕ್ಕೂ ಕಾಲುವೆ ಕೆತ್ತಿ, ಸುಟ್ಟ ಮಣ್ಣಿನ ಕೊಳವೆ ಜೋಡಿಸಿ ಬುಗ್ಗೆಯ ನೀರನ್ನು ಊರೊಳಗೆ ತಂದರು. ಆ ಒಡ್ಡು ಕಾಲಾಂತರದಲ್ಲಿ ಹಾಳಾಗಿತ್ತು. 1963ರಲ್ಲಿ ದಿಢೀರನೆ ಬಂದ ಪ್ರವಾಹ ಅದೇ ಕಣಿವೆಯಲ್ಲಿ 20ಕ್ಕೂ ಹೆಚ್ಚು ಪ್ರವಾಸಿಗರನ್ನು ಬಲಿ ತೆಗೆದುಕೊಂಡಿತು. ಆಮೇಲೆ ಸರ್ಕಾರ ಹೊಸ ಒಡ್ಡು ಕಟ್ಟಿದ್ದು ನಬಾಟಿಯನ್ನರು ಕಟ್ಟಿದ್ದ ಜಾಗದಲ್ಲೇ. ಎರಡು ಸಾವಿರ ವರ್ಷಗಳ ಹಿಂದಿನವರ ಲೆಕ್ಕವನ್ನು ಇಪ್ಪತ್ತನೆಯ ಶತಮಾನ ಒಪ್ಪಿಕೊಂಡ ಈ ಪ್ರಸಂಗವನ್ನು ಓದಿದ ದಿನ ನನ್ನ ಮನಸ್ಸಿನಲ್ಲಿ ಪೆಟ್ರಾ ಅದ್ಭುತವಾಯಿತು.

ಮಹಾ ಪಿರಮಿಡ್ಡಿನದೂ ಇದೇ ಕಥೆ. ಸುಮಾರು 23 ಲಕ್ಷ ಕಲ್ಲುಗಳು, ಮೂಲದಲ್ಲಿ 146 ಮೀಟರಿಗೂ ಮೀರಿದ ಎತ್ತರ ಎಂಬ ಅಂಕಿಗಳು ಎಲ್ಲರಿಗೂ ಬಾಯಿಪಾಠ. ಈ ಅಂಕಿಗಳನ್ನು ಕೇಳಿ, ಮನುಷ್ಯರಿಂದ ಇದು ಆಗದ ಕೆಲಸ, ಅನ್ಯಗ್ರಹದವರು ಕಟ್ಟಿರಬೇಕು ಎನ್ನುವವರನ್ನು ಕಂಡರೆ ನನಗೆ ನಿಜವಾಗಿ ನೋವಾಗುತ್ತದೆ. 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್ ಎಂಬಲ್ಲಿ ಫ್ರೆಂಚ್ ಪುರಾತತ್ವಜ್ಞ ಪಿಯರ್ ತಲೆ ಅವರ ತಂಡಕ್ಕೆ ಪಪೈರಸ್ ಎಂಬ ಜೊಂಡಿನ ಹಾಳೆಯ ಸುರುಳಿಗಳು ದೊರೆತವು. ಅವುಗಳಲ್ಲಿ ಮೆರೆರ್ ಎಂಬ ಮೇಲ್ವಿಚಾರಕ ಬರೆದಿಟ್ಟ ದಿನಚರಿಯಿದೆ: ತನ್ನ ಆಳುಗಳೊಂದಿಗೆ ತುರಾದ ಗಣಿಯಿಂದ ಸುಣ್ಣದ ಕಲ್ಲನ್ನು ದೋಣಿಗೆ ತುಂಬಿ, ನೈಲ್ ನದಿಯ ಮೇಲೆ ಗೀಜಾಕ್ಕೆ ಸಾಗಿಸಿ, ಮತ್ತೆ ಹಿಂದಿರುಗಿದ ಲೆಕ್ಕ. ಇಂದು ಎಲ್ಲಿ ತಂಗಿದೆವು, ನಾಳೆ ಎಲ್ಲಿಗೆ ಹೊರಟೆವು ಎಂಬಷ್ಟೇ ಒಣ ಮಾತುಗಳು. ನಾಲ್ಕೂವರೆ ಸಾವಿರ ವರ್ಷಗಳ ಹಿಂದೆ ಹೆಸರಿದ್ದ, ದಣಿವಿದ್ದ, ಲೆಕ್ಕ ಒಪ್ಪಿಸಬೇಕಿದ್ದ ಮನುಷ್ಯನೊಬ್ಬ ಆ ಕಲ್ಲುಗಳನ್ನು ತಂದ ಎಂದು ತಿಳಿದಾಗ ಪಿರಮಿಡ್ಡು ನನ್ನ ಕಣ್ಣಿನಲ್ಲಿ ಇನ್ನಷ್ಟು ಎತ್ತರಕ್ಕೆ ಬೆಳೆಯಿತು.

ಇದೇ ಅಳತೆಗೋಲನ್ನು ಹೊಸ ಏಳರಲ್ಲಿರುವ ರಿಯೋ ನಗರದ ಕ್ರಿಸ್ತನ ಪ್ರತಿಮೆಗೆ ಹಿಡಿದರೆ ನನಗೆ ಬೇರೆ ಉತ್ತರ ಸಿಗುತ್ತದೆ. 1931ರಲ್ಲಿ ಮುಗಿದ ಆ 30 ಮೀಟರ್ ಎತ್ತರದ ಪ್ರತಿಮೆ ನಿಂತಿರುವ ಬೆಟ್ಟ, ಕೆಳಗಿನ ಕಡಲು, ತೆರೆದ ತೋಳುಗಳು ಎಲ್ಲವೂ ಮನಸ್ಸನ್ನು ತುಂಬುತ್ತವೆ. ಅದರ ಮೇಲೆ ಬ್ರೆಜಿಲ್ ಜನರಿಗಿರುವ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಆದರೆ ಉಕ್ಕು ಸೇರಿಸಿದ ಕಾಂಕ್ರೀಟ್ ಬಳಕೆಗೆ ಬಂದ ಮೇಲೆ, ಬೆಟ್ಟದ ತುದಿಗೆ ರೈಲು ಹತ್ತುವ ಕಾಲದಲ್ಲಿ ಕಟ್ಟಿದ ಪ್ರತಿಮೆಯನ್ನು, ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಆಂಡಿಸ್ ಪರ್ವತದ ಏಣಿನ ಮೇಲೆ ಕಟ್ಟಿದ ಮಾಚು ಪಿಚುವಿನ ಸಾಲಿನಲ್ಲಿ ಕೂರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಎತ್ತರವೊಂದನ್ನೇ ನೆಚ್ಚಿದ ಆಯ್ಕೆಗಳ ಗತಿಯೂ ಹೀಗೆಯೇ. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ 1990ರ ದಶಕದಲ್ಲಿ ಆಧುನಿಕ ಅದ್ಭುತಗಳನ್ನು ಹೆಸರಿಸಿದಾಗ ಟೊರಾಂಟೋದ 553 ಮೀಟರ್ ಎತ್ತರದ ಸಿಎನ್ ಗೋಪುರವನ್ನೂ ಸೇರಿಸಿತ್ತು. 2007ರಲ್ಲಿ ದುಬೈಯ ಬುರ್ಜ್ ಖಲೀಫಾ ಇನ್ನೂ ಕಟ್ಟುತ್ತಿರುವಾಗಲೇ ಅದನ್ನು ದಾಟಿತು.

ನನ್ನನ್ನು ಹೆಚ್ಚು ಕಾಡುವುದು ಒಳಗೆ ಬಂದವಲ್ಲ, ಹೊರಗೆ ಉಳಿದವು. ಚೀನಾದ ಮಹಾಗೋಡೆ ಹೊಸ ಏಳರಲ್ಲಿ ಇದೆ, ಇರಲಿ. ಅದೇ ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ ಮಿನ್ ನದಿಯ ಮೇಲೆ ದುಜಿಯಾಂಗ್ಯಾನ್ ಎಂಬ ನೀರಾವರಿ ವ್ಯವಸ್ಥೆಯಿದೆ. ಕ್ರಿ.ಪೂ. 256ರ ಸುಮಾರಿಗೆ ಲೀ ಬಿಂಗ್ ಎಂಬ ಪ್ರಾಂತಾಧಿಕಾರಿ ಅದನ್ನು ಕೈಗೆತ್ತಿಕೊಂಡ. ನದಿಗೆ ಅಡ್ಡಲಾಗಿ ಅಣೆಕಟ್ಟು ಕಟ್ಟದೆ, ಕಲ್ಲು ತುಂಬಿದ ಬಿದಿರಿನ ಬುಟ್ಟಿಗಳನ್ನು ನದಿಯ ನಡುವೆ ಮೀನಿನ ಬಾಯಿಯ ಆಕಾರದಲ್ಲಿ ಪೇರಿಸಿ, ಹರಿವನ್ನು ಎರಡಾಗಿ ಸೀಳಿದ. ಒಳಗಿನ ಕವಲು ಕಿರಿದು ಮತ್ತು ಆಳ, ಹೊರಗಿನದು ಅಗಲ ಮತ್ತು ತೆಳು. ಹೀಗಾಗಿ ನದಿಯಲ್ಲಿ ಹರಿವು ಕಡಿಮೆಯಿದ್ದಾಗ ನೀರಿನ ಹೆಚ್ಚಿನ ಪಾಲು ತಾನಾಗಿಯೇ ಹೊಲಗಳ ಕಡೆಗೆ ಹೋಗುತ್ತದೆ, ಪ್ರವಾಹ ಬಂದಾಗ ಹೆಚ್ಚಿನ ಪಾಲು ತಾನಾಗಿಯೇ ಹೊರಗೆ ಹರಿಯುತ್ತದೆ. ಅಡ್ಡ ಬಂದ ಗುಡ್ಡವನ್ನು ಸೀಳಲು ಮದ್ದುಗುಂಡು ಇನ್ನೂ ಹುಟ್ಟಿರಲಿಲ್ಲ. ಬಂಡೆಯನ್ನು ಬೆಂಕಿಯಲ್ಲಿ ಕಾಯಿಸಿ, ತಣ್ಣೀರು ಸುರಿದು, ಬಿರುಕು ಬಿಡಿಸಿ ಒಡೆದರು. ಚೆಂಗ್ಡು ಬಯಲಿಗೆ ಇವತ್ತಿಗೂ ಅಲ್ಲಿಂದಲೇ ನೀರು ಹರಿಯುತ್ತಿದೆ. 2,200 ವರ್ಷಗಳಿಗಿಂತ ಹೆಚ್ಚು ಕಾಲ ಕೆಲಸ ನಿಲ್ಲಿಸದ ಈ ರಚನೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಆದರೆ ಜನಪ್ರಿಯ ಅದ್ಭುತಗಳ ಚರ್ಚೆಯಲ್ಲಿ ಅದರ ಹೆಸರನ್ನು ಯಾರೂ ಎತ್ತುವುದಿಲ್ಲ. ಕಾರಣ ಸರಳ: ಅದರ ಚಿತ್ರ ತೆಗೆದರೆ ಕಾಣುವುದು ಹರಿಯುವ ನೀರು ಮಾತ್ರ.

ಕಟ್ಟುವುದಕ್ಕಿಂತ ಕಡಿಯುವುದು ಕಠಿಣವಾದ ಕೆಲಸಗಳೂ ಇವೆ. ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟರು ಎಲ್ಲೋರದಲ್ಲಿ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಇಳಿದು ಕೈಲಾಸ ದೇಗುಲವನ್ನು ಹೊರತೆಗೆದರು. ಇಥಿಯೋಪಿಯಾದ ಲಾಲಿಬೆಲದಲ್ಲಿ 11 ಚರ್ಚುಗಳನ್ನು ಹೀಗೆಯೇ ಬಂಡೆಯಿಂದ ಬಿಡಿಸಿದ್ದಾರೆ, ಅಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತಿದೆ. ಕಲ್ಲಿನ ಮೇಲೆ ಕಲ್ಲಿಡುವವನು ತಪ್ಪಿದರೆ ಕಲ್ಲು ಬದಲಿಸಬಹುದು. ಇಲ್ಲಿ ಶಿಖರ ಮುಗಿಯುವ ಹೊತ್ತಿಗೆ ಅಡಿಪಾಯ ಇನ್ನೂ ಬಂಡೆಯೊಳಗೇ ಇರುತ್ತದೆ. 2007ರ ಕೊನೆಯ 21ರಲ್ಲಿ ಇವೆರಡೂ ಇರಲಿಲ್ಲ.

ಪೆರುವಿನ ಕೆಸ್ವಚಾಕ ಎಂಬಲ್ಲಿ ಹುಲ್ಲಿನ ಹಗ್ಗದ ತೂಗುಸೇತುವೆಯಿದೆ. ನದಿಯ ಎರಡೂ ದಡದ ಜನ ಪ್ರತಿ ವರ್ಷ ಹುಲ್ಲು ಹೊಸೆದು, ಹಳೆಯದನ್ನು ಕಳಚಿ, ಇಂಕಾ ಕಾಲದಿಂದ ಬಂದ ವಿಧಾನದಲ್ಲಿ ಅದನ್ನು ಹೊಸದಾಗಿ ನೇಯುತ್ತಾರೆ. ಅದರ ವಯಸ್ಸು ಸಾಮಾನ್ಯವಾಗಿ ಒಂದು ವರ್ಷದೊಳಗೆ. ಇಂಥದ್ದಕ್ಕೆ ಪಟ್ಟಿಯಲ್ಲಿ ಜಾಗವಿಲ್ಲವೆಂದಾದರೆ ನಾವು ಗೌರವಿಸುತ್ತಿರುವುದು ಕಲ್ಲಿನ ಬಾಳಿಕೆಯನ್ನೇ ಹೊರತು ಮನುಷ್ಯನ ಕೌಶಲವನ್ನಲ್ಲ.

ಏಳೇ ಆಗಬೇಕೆಂಬ ಹಟ ನನಗಿಲ್ಲ, ಆದರೂ ಕೇಳಿದವರಿಗೆ ಉತ್ತರಿಸಬೇಕಲ್ಲ. ಮಹಾ ಪಿರಮಿಡ್, ಪೆಟ್ರಾ, ಮಾಚು ಪಿಚು, ಆಂಕೋರ್, ದುಜಿಯಾಂಗ್ಯಾನ್, ಎಲ್ಲೋರದ ಕೈಲಾಸ ಎಂಬ ಆರನ್ನು ನಾನು ಹಿಂದೆಮುಂದೆ ನೋಡದೆ ಹೇಳುತ್ತೇನೆ. ನಾನೇ ಮತ ಹಾಕಿದ ತಾಜ್ ಮಹಲ್ ಏಳನೆಯದಾಗಲು ಅರ್ಹವೆಂದೇ ನಂಬುತ್ತೇನೆ. ಅಮೃತಶಿಲೆಯಲ್ಲಿ ಬಣ್ಣದ ಕಲ್ಲುಗಳನ್ನು ಕೂರಿಸಿ ಅರಳಿಸಿದ ಹೂಬಳ್ಳಿಗಳ ಕೆಲಸವನ್ನು ಹತ್ತಿರದಿಂದ ನೋಡಿದವರು ಈ ಮಾತನ್ನು ಒಪ್ಪುತ್ತಾರೆ. ಬಿಡಲು ಮನಸ್ಸಿಲ್ಲದೆಯೂ ಬಿಟ್ಟದ್ದು ರೋಮಿನ ಕೊಲೋಸಿಯಂ ಒಂದನ್ನು. ಕ್ರಿ.ಶ. 80ರಲ್ಲಿ ಉದ್ಘಾಟನೆಯಾದ ಆ ರಂಗಮಂದಿರಕ್ಕೆ ಹತ್ತಾರು ಸಾವಿರ ಜನರನ್ನು ನೂಕುನುಗ್ಗಲಿಲ್ಲದೆ ಒಳಗೆ ಬಿಟ್ಟು ಹೊರಗೆ ಕಳಿಸುವಂತೆ ಕಮಾನು ಬಾಗಿಲುಗಳನ್ನು ಜೋಡಿಸಿದ ಜಾಣ್ಮೆ ಇಂದಿನ ಕ್ರೀಡಾಂಗಣಗಳಿಗೂ ಪಾಠ. ಆದರೆ ಆ ಜಾಣ್ಮೆಯೆಲ್ಲ ದುಡಿದದ್ದು ಮನುಷ್ಯರು ಸಾಯುವುದನ್ನು ಜನ ಆರಾಮವಾಗಿ ಕುಳಿತು ನೋಡಲೆಂದು. ಅದರ ಬಗ್ಗೆ ತಿಳಿದಷ್ಟೂ ನನ್ನ ಬೆರಗು ಹೆಚ್ಚುತ್ತದೆ, ಜೊತೆಗೆ ಸಂಕಟವೂ ಅಷ್ಟೇ ಹೆಚ್ಚುತ್ತದೆ.