ಹೋಗಿದೆ

ಅಂಗಡಿಯವನು ನನ್ನ ಕಂಪ್ಯೂಟರಿನ ಮುಚ್ಚಳವನ್ನೂ ತೆಗೆಯಲಿಲ್ಲ. ಗುಂಡಿಯನ್ನು ಎರಡು ಸಲ ಒತ್ತಿ, ಕಿವಿಗೊಟ್ಟು, "ಮದರ್‌ಬೋರ್ಡ್ ಹೋಗಿದೆ ಸರ್" ಎಂದ. ನಮ್ಮಲ್ಲಿ ಈ 'ಹೋಗುವುದು' ವಿಚಿತ್ರ ಕ್ರಿಯಾಪದ. ಕರೆಂಟ್ ಹೋಗುತ್ತದೆ, ನಲ್ಲಿಯ ನೀರು ಹೋಗುತ್ತದೆ. ಹೋದ ಹಾಗೆಯೇ ಬರುತ್ತವೆ. ಮದರ್‌ಬೋರ್ಡ್ ಎಂಬ ಮುಖ್ಯ ಹಲಗೆ ಮಾತ್ರ ಹೋದರೆ ಹೋಯಿತು, ಜೊತೆಗೆ ನಮ್ಮ ದುಡ್ಡನ್ನೂ ಕರೆದುಕೊಂಡು ಹೋಗುತ್ತದೆ.

ಹದಿನಾಲ್ಕು ವರ್ಷದ ಆ ಡಬ್ಬವನ್ನು ತೊಡೆಯ ಮೇಲೆ ಕೂರಿಸಿಕೊಂಡು, ತೀನ್ ಕಂದೀಲ್ ದಾಟಿ ಆಟೋದಲ್ಲಿ ಮನೆಗೆ ತಂದೆ. "ರಾಯಚೂರಿನ ಮೇ ತಿಂಗಳಲ್ಲಿ ಮನುಷ್ಯರೇ ಏಳುವುದಿಲ್ಲ, ಅದು ಎದ್ದೀತೇ?" ಎಂದಳು ಅವ್ವ. ಶಕ್ತಿನಗರದಲ್ಲಿ 1,720 ಮೆಗಾವಾಟ್ ಸಾಮರ್ಥ್ಯದ ಸ್ಥಾವರವಿರುವ ಜಿಲ್ಲೆಯಲ್ಲಿ, ಇನ್ನೂರು ವಾಟ್ ಕೂಡ ಒಲ್ಲೆನೆಂದು ಇದೊಂದು ಉಪವಾಸ ಕುಳಿತಿತ್ತು.

ಬಿಚ್ಚಿದೆ. ಫ್ಯಾನಿನ ರೆಕ್ಕೆಗಳ ಮೇಲೆ ಧೂಳು ಜಮಖಾನದಂತೆ ಹಾಸಿತ್ತು. ರ‍್ಯಾಮ್ ಎಂಬ ನೆನಪಿನ ಪಟ್ಟಿ ಕಿತ್ತು, ಅದರ ಹೊಂಬಣ್ಣದ ಹಲ್ಲುಗಳನ್ನು ಮಗಳ ರಬ್ಬರಿನಿಂದ ಉಜ್ಜಿದೆ. ಫಲವಿಲ್ಲ. ಆಮೇಲೆ ಎಸ್‌ಎಂಪಿಎಸ್‌ನ (ಒಳಗೆಲ್ಲ ಕರೆಂಟ್ ಹಂಚುವ ಡಬ್ಬಿ) 24 ಪಿನ್ನಿನ ಕನೆಕ್ಟರ್ ಕಳಚಿ, ಹಸಿರು ತಂತಿಯ ತೂತಿಗೂ ಪಕ್ಕದ ಕಪ್ಪು ತಂತಿಯ ತೂತಿಗೂ ಕಾಗದದ ಕ್ಲಿಪ್ ಬಾಗಿಸಿ ಸಿಕ್ಕಿಸಿದೆ. ಸ್ವಿಚ್ ಹಾಕಿದ್ದು ಅದಾದ ಮೇಲೆಯೇ. ಈ ಕ್ರಮ ತಪ್ಪಬಾರದು. ಹಸಿರು ಕಪ್ಪನ್ನು ಮುಟ್ಟಿದರೆ ಎಸ್‌ಎಂಪಿಎಸ್ ಏಳಬೇಕು. ಫ್ಯಾನ್ ಗರಗರ ತಿರುಗಿತು. ಅಂದರೆ ಅದು ಹೋಗಿಲ್ಲ.

ಉಳಿದದ್ದು ಮುಂದಿನ ಗುಂಡಿ. ಅದರಿಂದ ಎರಡು ಸಣ್ಣ ತಂತಿಗಳು ಹೊರಟು ಬೋರ್ಡಿನ ಎರಡು ಪಿನ್ನುಗಳಿಗೆ ಬರುತ್ತವೆ. ಆ ಎರಡನ್ನು ಒಂದು ಕ್ಷಣ ಕೂಡಿಸುವುದಷ್ಟೇ ಗುಂಡಿಯ ಜೀವಮಾನದ ಕೆಲಸ. ನಾನೋ ಅದನ್ನು ಒತ್ತೀ ಒತ್ತೀ ಬಯ್ಯುತ್ತಿದ್ದೆನೇ ಹೊರತು ಅದರ ಮೇಲೆಯೇ ಸಂಶಯಪಟ್ಟಿರಲಿಲ್ಲ. ಸ್ವಿಚ್ ಆರಿಸಿ ಕ್ಲಿಪ್ ತೆಗೆದು, ಕನೆಕ್ಟರನ್ನು ಮತ್ತೆ ಜೋಡಿಸಿ, ಗುಂಡಿಯ ತಂತಿ ಕಿತ್ತು, ಮತ್ತೆ ಸ್ವಿಚ್ ಹಾಕಿ ತಿರುಪುಳಿಯ ತುದಿಯನ್ನು ಆ ಪಿನ್ನುಗಳಿಗೆ ತಾಗಿಸಿದೆ.

ಬೀಪ್!

ಪರದೆಯ ಮೇಲೆ 2009ರ ಜನವರಿ 1. ಒಳಗಿನ ಗಡಿಯಾರ ನಡೆಸುವ 3 ವೋಲ್ಟಿನ ಬಿಲ್ಲೆ ಸೆಲ್ ಮುಗಿದಿತ್ತು. ಅದು ಸಣ್ಣ ಖರ್ಚು; ಸಂಜೆಯೇ ತಂದು ಹಾಕಿದೆ. ಗುಂಡಿಯನ್ನು ಮಾತ್ರ ಇನ್ನೂ ಹಾಕಿಸಿಲ್ಲ. ತಿರುಪುಳಿಯನ್ನು ದಾರಕ್ಕೆ ಕಟ್ಟಿ ಮೇಜಿಗೆ ತೂಗುಬಿಟ್ಟಿದ್ದೇನೆ.

ನಿನ್ನೆ ಅವ್ವ ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ಎಬ್ಬಲು ಅದನ್ನು ಬಿಚ್ಚಿಕೊಂಡು ಒಯ್ದಿದ್ದಳು. "ಅಪ್ಪಾ, ಕಂಪ್ಯೂಟರ್ ಯಾಕೆ ಹಚ್ಚಿಲ್ಲ?" ಎಂದು ಮಗಳು ಕೇಳಿದಳು.

"ಗುಂಡಿ ಅಡುಗೆಮನೆಗೆ ಹೋಗಿದೆ" ಎಂದೆ.