ಶಾಸಕರ ಮತದ ಎಣಿಕೆ ನಮಗೂ ತಿಳಿಯಲಿ

2023ರ ಮೇ 13ರಂದು ವಿಧಾನಸಭೆ ಚುನಾವಣೆಯ ಫಲಿತಾಂಶ ಬಂದಾಗ, ಯಾವ ಮತಕ್ಷೇತ್ರದಲ್ಲಿ ಯಾರಿಗೆ ಎಷ್ಟು ಮತ ಬಿತ್ತು, ನೋಟಾಕ್ಕೆ ಎಷ್ಟು ಹೋಯಿತು ಎಂಬ ಲೆಕ್ಕವೆಲ್ಲ ಸಂಜೆಯೊಳಗೆ ಕಲಬುರಗಿಯ ಸೂಪರ್ ಮಾರ್ಕೆಟಿನ ಚಹಾದ ಅಂಗಡಿಗಳಲ್ಲಿ ಎಲ್ಲರ ಬಾಯಲ್ಲಿತ್ತು. ಮರುದಿನ ಬೆಂಗಳೂರಿನ ಹೋಟೆಲೊಂದರಲ್ಲಿ ಕಾಂಗ್ರೆಸ್ಸಿನ 135 ಶಾಸಕರು ತಮ್ಮ ನಾಯಕ ಯಾರಾಗಬೇಕೆಂದು ಹೇಳಲು ಸೇರಿದರು. ನಾಯಕನ ಆಯ್ಕೆಯ ಅಧಿಕಾರವನ್ನು ಎಐಸಿಸಿ ಅಧ್ಯಕ್ಷರಿಗೆ ಬಿಡುವ ಒಂದು ಸಾಲಿನ ನಿರ್ಣಯ ಅಂಗೀಕಾರವಾಯಿತು, ದೆಹಲಿಯಿಂದ ಬಂದಿದ್ದ ಮೂವರು ವೀಕ್ಷಕರು ಶಾಸಕರ ಅಭಿಪ್ರಾಯ ಪಡೆದು ವರಿಷ್ಠರ ಬಳಿಗೆ ಕೊಂಡೊಯ್ದರು, ಮೇ 18ರಂದು ಸಿದ್ದರಾಮಯ್ಯನವರ ಹೆಸರು ಘೋಷಣೆಯಾಯಿತು. ಆದರೆ ಆ ಅಭಿಪ್ರಾಯದಲ್ಲಿ ಯಾರಿಗೆ ಎಷ್ಟು ಶಾಸಕರ ಬೆಂಬಲವಿತ್ತು ಎಂಬುದನ್ನು ಪಕ್ಷ ಜನರ ಮುಂದಿಡಲಿಲ್ಲ. ನಮ್ಮ ಮತದ ಎಣಿಕೆ ಬಹಿರಂಗವಾಗಿ ನಡೆದಿರುವಾಗ ನಮ್ಮ ಪ್ರತಿನಿಧಿಗಳ ಮತದ ಎಣಿಕೆ ಮುಚ್ಚಿದ ಲಕೋಟೆಯಲ್ಲಿ ಉಳಿಯಬೇಕೇ ಎಂಬ ಪ್ರಶ್ನೆ ನನ್ನನ್ನು ಅಂದಿನಿಂದಲೂ ಬಿಟ್ಟಿಲ್ಲ.

ಆ ಲಕೋಟೆಯನ್ನು ತೆರೆದು ತೀರ್ಮಾನಿಸಬೇಕಾಗಿದ್ದ ಎಐಸಿಸಿ ಅಧ್ಯಕ್ಷರು ನಮ್ಮವರೇ ಆದ ಮಲ್ಲಿಕಾರ್ಜುನ ಖರ್ಗೆಯವರು. ಗುರುಮಠಕಲ್‌ನಿಂದ 1972ರಲ್ಲಿ ಮೊದಲ ಸಲ ಗೆದ್ದವರು ಪಕ್ಷದ ಅತ್ಯುನ್ನತ ಸ್ಥಾನಕ್ಕೇರಿದ್ದು ಈ ಭಾಗದವರಿಗೆಲ್ಲ ಹೆಮ್ಮೆಯ ಸಂಗತಿ, ನನಗೂ ಹೌದು. ಆ ಹೆಮ್ಮೆಯನ್ನು ಇಟ್ಟುಕೊಂಡೇ ಈ ಪದ್ಧತಿ ತಪ್ಪೆಂದು ಹೇಳುತ್ತಿದ್ದೇನೆ, ಏಕೆಂದರೆ ಇದರ ಪೆಟ್ಟನ್ನು ನಮ್ಮ ಜಿಲ್ಲೆ ಬೇರೆಯವರಿಗಿಂತ ಹೆಚ್ಚು ತಿಂದಿದೆ.

1989ರ ಚುನಾವಣೆಯಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದಿತು. ಚಿಂಚೋಳಿಯ ವೀರೇಂದ್ರ ಪಾಟೀಲರು ಎರಡನೆಯ ಸಲ ಮುಖ್ಯಮಂತ್ರಿಯಾದರು. ಒಂದು ವರ್ಷವೂ ತುಂಬಿರಲಿಲ್ಲ, 1990ರ ಅಕ್ಟೋಬರ್‌ನಲ್ಲಿ ಅವರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದಾಗ ಬೆಂಗಳೂರಿಗೆ ಬಂದ ರಾಜೀವ್ ಗಾಂಧಿಯವರು ಅವರನ್ನು ಕಂಡು, ಹಿಂದಿರುಗುವಾಗ ವಿಮಾನ ನಿಲ್ದಾಣದಲ್ಲಿ ನಾಯಕತ್ವ ಬದಲಾಗುವುದೆಂದು ಪ್ರಕಟಿಸಿದರು. ಪಾಟೀಲರು ಒಪ್ಪಲಿಲ್ಲ. ಕೆಲವು ದಿನ ರಾಷ್ಟ್ರಪತಿ ಆಳ್ವಿಕೆ ಬಂದು, ಅಕ್ಟೋಬರ್ 17ರಂದು ಎಸ್. ಬಂಗಾರಪ್ಪನವರು ಅಧಿಕಾರ ವಹಿಸಿಕೊಂಡರು. ನಾನಾಗ ಚಿಂಚೋಳಿ ತಾಲ್ಲೂಕಿನ ನಮ್ಮೂರಿನಲ್ಲಿ ಎಂಟನೆಯ ತರಗತಿಯಲ್ಲಿದ್ದೆ. ಅಪ್ಪ ಚುನಾವಣೆಯಲ್ಲಿ ಮನೆಮನೆಗೆ ತಿರುಗಿ ಪಕ್ಷಕ್ಕಾಗಿ ದುಡಿದ ಸಾಮಾನ್ಯ ಕಾರ್ಯಕರ್ತರು. ರೇಡಿಯೊದಲ್ಲಿ ವಾರ್ತೆ ಮುಗಿದ ಮೇಲೆ ಕಟ್ಟೆಯ ಮೇಲೆ ಕುಳಿತಿದ್ದ ಕಾಕಾನಿಗೆ ಅವರು ಕೇಳಿದ ಮಾತು ನನಗೆ ಇನ್ನೂ ನೆನಪಿದೆ: "ನಮ್ಮ ಎಂಎಲ್ಎಗೋಳಿಗಿ ಯಾರರೆ ಕೇಳ್ಯಾರೇನು? ನೂರಾ ಎಪ್ಪತ್ತೆಂಟ್ ಮಂದಿ ಅದಾರಲ್ಲ, ಅವ್ರಿಗಿ ಬಾಯಿ ಇಲ್ಲೇನು?" ಕಾಕಾ ಹೇಳಿದ್ದು ಇಷ್ಟೇ: "ದಿಲ್ಲಿಯವ್ರು ಹೇಳಿದ್ರಂದ್ರ ಮುಗೀತಣ್ಣಾ."

ಮುಗಿಯಲಿಲ್ಲ. ಎರಡು ವರ್ಷದಲ್ಲಿ ಬಂಗಾರಪ್ಪನವರೂ ಹೋಗಿ ವೀರಪ್ಪ ಮೊಯಿಲಿಯವರು ಬಂದರು. ಒಂದೇ ವಿಧಾನಸಭೆಯ ಅವಧಿಯಲ್ಲಿ ಒಂದೇ ಪಕ್ಷದ ಮೂವರು ಮುಖ್ಯಮಂತ್ರಿಗಳು, ಪ್ರತಿಯೊಬ್ಬರ ಹಿಂದೆ ಒಂದೊಂದು ಬಣ. 1994ರಲ್ಲಿ ಪಕ್ಷ 34 ಸ್ಥಾನಕ್ಕೆ ಇಳಿಯಿತು. ಆ ಸೋಲಿಗೆ ಬೇರೆ ಕಾರಣಗಳೂ ಇದ್ದವು ಎಂಬುದು ನಿಜ, ಆದರೆ ಆ ಚುನಾವಣೆಯಲ್ಲಿ ನನ್ನ ಅಪ್ಪ ಮನೆಬಿಟ್ಟು ಹೊರಗೆ ಹೋಗಲಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇದಕ್ಕೆ ಎದುರಾಗಿ 2013ನ್ನು ನೋಡಬೇಕು. ಆ ವರ್ಷ 122 ಸ್ಥಾನ ಗೆದ್ದ ಕಾಂಗ್ರೆಸ್ಸಿನ ಶಾಸಕರು ಮೇ 10ರಂದು ರಹಸ್ಯ ಮತದಾನದ ಮೂಲಕ ನಾಯಕನನ್ನು ಆರಿಸಿದರು. ಖರ್ಗೆಯವರ ಹೆಸರೂ ಮುಂಚೂಣಿಯಲ್ಲಿತ್ತು, ಈ ಸಲವಾದರೂ ಕಲಬುರಗಿಗೆ ಮುಖ್ಯಮಂತ್ರಿ ಸ್ಥಾನ ಬರುತ್ತದೆಂದು ನಾವೆಲ್ಲ ಕಾದಿದ್ದೆವು. ಬಹುಮತ ಸಿದ್ದರಾಮಯ್ಯನವರ ಕಡೆಗಿತ್ತು. ನಮಗೆ ಬಹಳ ನೋವಾಯಿತು. 1999ರಲ್ಲಿ, ವಿರೋಧ ಪಕ್ಷದ ನಾಯಕರಾಗಿ ದುಡಿದ ಮೇಲೂ ತಮಗೆ ತಪ್ಪಿ ಎಸ್.ಎಂ. ಕೃಷ್ಣ ಅವರಿಗೆ ಒಲಿದ ಅವಕಾಶವನ್ನು ಖರ್ಗೆಯವರು 2025ರ ಜುಲೈನಲ್ಲಿ ವಿಜಯಪುರದ ಸಭೆಯಲ್ಲಿ ನೆನೆದು ಮಾತನಾಡಿದಾಗ, ಆ ನೋವು ಅವರಲ್ಲೂ ಆರಿಲ್ಲವೆಂದು ಗೊತ್ತಾಯಿತು. ಆದರೂ 2013ರ ತೀರ್ಮಾನವನ್ನು ಒಪ್ಪಿಕೊಳ್ಳುವುದು ನನಗೆ ಕಷ್ಟವಾಗಲಿಲ್ಲ, ಏಕೆಂದರೆ ಶಾಸಕರನ್ನು ಕೇಳಲಾಗಿತ್ತು. ಆ ಸರ್ಕಾರ ಐದು ವರ್ಷ ಪೂರೈಸಿತು. ದೇವರಾಜ ಅರಸು ಅವರ ನಂತರ ಪೂರ್ಣಾವಧಿ ಮುಗಿಸಿದ ಮೊದಲ ಮುಖ್ಯಮಂತ್ರಿ ಎಂಬ ಮಾತು ಸಿದ್ದರಾಮಯ್ಯನವರ ಬಗ್ಗೆ ಬಂದಿತು. ಅದೇ ವ್ಯಕ್ತಿ, ಅದೇ ಪಕ್ಷ, ಅದಕ್ಕಿಂತ ಹೆಚ್ಚು ಸ್ಥಾನಗಳು ಇದ್ದರೂ 2023ರ ನಂತರ ನಾಯಕತ್ವದ ಪ್ರಶ್ನೆ ತಣ್ಣಗಾಗಲೇ ಇಲ್ಲ. 2025ರ ನವೆಂಬರ್‌ನಲ್ಲಿ ಸರ್ಕಾರಕ್ಕೆ ಎರಡೂವರೆ ವರ್ಷ ತುಂಬಿದಾಗ ಡಿ.ಕೆ. ಶಿವಕುಮಾರ್ ಅವರ ಬೆಂಬಲಿಗ ಶಾಸಕರು ದೆಹಲಿಗೆ ಹೋದದ್ದು, ಇಬ್ಬರು ನಾಯಕರೂ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಉಪಾಹಾರ ಮಾಡಿ ಒಗ್ಗಟ್ಟು ತೋರಿಸಬೇಕಾಗಿ ಬಂದದ್ದು ಎಲ್ಲರಿಗೂ ಗೊತ್ತಿದೆ. ಎಣಿಕೆ ಗೊತ್ತಿಲ್ಲದಿದ್ದಾಗ ಪ್ರತಿಯೊಂದು ಬಣವೂ ತನ್ನ ಕಡೆಗೇ ಹೆಚ್ಚು ಜನ ಇದ್ದಾರೆಂದು ಪ್ರಾಮಾಣಿಕವಾಗಿಯೇ ನಂಬಬಹುದು. ಜಗಳ ಬೇರು ಬಿಡುವುದು ಆ ನಂಬಿಕೆಯಲ್ಲಿ.

ಇದು ಕಾಂಗ್ರೆಸ್ಸೊಂದರ ಕಾಯಿಲೆಯಲ್ಲ. 2023ರಲ್ಲಿ 66 ಶಾಸಕರನ್ನು ಹೊಂದಿದ್ದ ಬಿಜೆಪಿಗೆ ವಿಧಾನಸಭೆಯ ವಿರೋಧ ಪಕ್ಷದ ನಾಯಕನನ್ನು ಆರಿಸಲು ಆರು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಆರ್. ಅಶೋಕ ಅವರ ಆಯ್ಕೆಯಾದದ್ದು ನವೆಂಬರ್ 17ರಂದು, ಅಂದೂ ಕೆಲವರು ಸಭೆಯಿಂದ ಹೊರನಡೆದರು. ಜುಲೈ 7ರಂದು ಬಜೆಟ್ ಮಂಡನೆಯಾದಾಗ ಆ ಸ್ಥಾನ ಖಾಲಿಯಾಗಿತ್ತು. ನಮ್ಮ ಕಡೆಯ ರೈತರಿಗೆ ಅದು ಎಂಥ ಕಾಲವಾಗಿತ್ತೆಂದು ನೆನಪಿಸಿಕೊಳ್ಳಿ. ಹಿಂದಿನ ಹಂಗಾಮಿನಲ್ಲಿ ಕಾಯಿಕಟ್ಟುವ ಹೊತ್ತಿಗೆ ತೊಗರಿ ನೆಟೆ ರೋಗಕ್ಕೆ ಸಿಕ್ಕಿ ನಿಂತಲ್ಲೇ ಒಣಗಿ ಹೋಗಿತ್ತು, ಸಾಲ ಹಾಗೇ ಉಳಿದಿತ್ತು. ಈ ಭಾಗದ ಶಾಸಕರು ತಮ್ಮ ತಮ್ಮ ಮಟ್ಟಿಗೆ ಮಾತನಾಡಿರಬಹುದು. ಆದರೆ ಇಡೀ ವಿರೋಧ ಪಕ್ಷದ ಪರವಾಗಿ ಎದ್ದು ನಿಂತು ಉತ್ತರ ಕೇಳಬೇಕಾದ ಒಬ್ಬರು ಆ ಸದನದಲ್ಲಿ ಇರಲಿಲ್ಲ. ಅದಕ್ಕೆ ಕಾರಣ ಆ ಪಕ್ಷದ ಬಣಗಳ ಒಳಜಗಳವೇ ಹೊರತು ಮತದಾರ ಅಲ್ಲ.

ಸಂವಿಧಾನದ 164ನೆಯ ವಿಧಿಯಲ್ಲಿ ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸುತ್ತಾರೆ ಎಂದಿದೆ, ಪಕ್ಷವು ತನ್ನ ನಾಯಕನನ್ನು ಹೇಗೆ ಆರಿಸಬೇಕೆಂದು ಅಲ್ಲಿ ಹೇಳಿಲ್ಲ. ಇನ್ನು 2023ರ ಮೇ 11ರಂದು, ಅಂದರೆ ನಮ್ಮ ಫಲಿತಾಂಶಕ್ಕೆ ಎರಡು ದಿನ ಮೊದಲು, ಮಹಾರಾಷ್ಟ್ರದ ಶಿವಸೇನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸದನದಲ್ಲಿ ಪಕ್ಷದ ನಾಯಕನನ್ನೂ ಸಚೇತಕನನ್ನೂ ನೇಮಿಸುವ ಅಧಿಕಾರ ರಾಜಕೀಯ ಪಕ್ಷದ್ದು, ಶಾಸಕಾಂಗ ಪಕ್ಷದ್ದಲ್ಲ, ಅಂದರೆ ಸದನದಲ್ಲಿರುವ ಆ ಪಕ್ಷದ ಶಾಸಕರ ಗುಂಪಿನದ್ದಲ್ಲ ಎಂದು ಹೇಳಿತು. ಈ ತೀರ್ಪನ್ನು ನನ್ನ ಮುಂದಿಟ್ಟು, "ಹೈಕಮಾಂಡಿಗೆ ಅಧಿಕಾರ ಇದೆಯಲ್ಲ ಸರ್, ಇನ್ನೇನು ಕೇಳುತ್ತೀರಿ" ಎಂದು ಗೆಳೆಯರೊಬ್ಬರು ವಾದಿಸಿದರು. ಪಕ್ಷಾಂತರ ಮಾಡುವವರು ಪಕ್ಷವನ್ನೇ ಕಬಳಿಸಬಾರದೆಂಬ ಕಾಳಜಿ ಆ ತೀರ್ಪಿನ ಹಿಂದಿದೆ, ಅದನ್ನು ನಾನು ಗೌರವಿಸುತ್ತೇನೆ. ಆದರೆ ನೇಮಿಸುವ ಅಧಿಕಾರವಿದ್ದವರು ಶಾಸಕರ ಮತ ಪಡೆದು, ಎಣಿಸಿ, ಆ ಎಣಿಕೆಯನ್ನು ಹೇಳಿ ನೇಮಿಸುವುದಕ್ಕೆ ಅದು ಅಡ್ಡಿಯಾಗುವುದಿಲ್ಲ. 1966ರ ಜನವರಿಯಲ್ಲಿ ಕಾಂಗ್ರೆಸ್ ಸಂಸದರು ಹಾಗೆಯೇ ಮಾಡಿದ್ದರು: ಇಂದಿರಾ ಗಾಂಧಿಯವರಿಗೆ 355, ಮೊರಾರ್ಜಿ ದೇಸಾಯಿಯವರಿಗೆ 169. ಅಷ್ಟು ದೊಡ್ಡ ದೇಶದ ಪ್ರಧಾನಿಯ ಆಯ್ಕೆಯ ಎಣಿಕೆ ಬಹಿರಂಗವಾದರೆ ಪಕ್ಷ ಒಡೆಯುತ್ತದೆಂದು ಆಗ ಯಾರೂ ಹೆದರಲಿಲ್ಲ.

ಮತದಾನವಾದರೆ ಸಾಕು ಬಣಗಳು ಕರಗುತ್ತವೆ ಎಂದು ನಾನು ಹೇಳುತ್ತಿಲ್ಲ. 2011ರ ಆಗಸ್ಟ್‌ನಲ್ಲಿ ಬಿಜೆಪಿ ಶಾಸಕರು ಡಿ.ವಿ. ಸದಾನಂದ ಗೌಡ ಮತ್ತು ಜಗದೀಶ ಶೆಟ್ಟರ್ ಅವರ ನಡುವೆ ರಹಸ್ಯ ಮತದಾನ ಮಾಡಿಯೇ ಆರಿಸಿದರು, ಆದರೂ ಒಂದು ವರ್ಷ ತುಂಬುವ ಮೊದಲೇ ಸದಾನಂದ ಗೌಡರು ಇಳಿದು ಶೆಟ್ಟರ್ ಬಂದರು. ಅಲ್ಲಿ ಸದಾನಂದ ಗೌಡರ ಹೆಸರಿನ ಹಿಂದೆ ರಾಜೀನಾಮೆ ಕೊಟ್ಟು ಹೊರಗಿದ್ದ ಯಡಿಯೂರಪ್ಪನವರ ಬಲ ಇತ್ತು. ಅವರ ಮನಸ್ಸು ಬದಲಾದೊಡನೆ ಲೆಕ್ಕವೂ ಬದಲಾಯಿತು. ಹಣ, ಜಾತಿ, ರೆಸಾರ್ಟುಗಳ ಭಯವೂ ಸುಳ್ಳಲ್ಲ. ಆದರೆ ಲಕೋಟೆ ಪದ್ಧತಿಯಲ್ಲಿ ಇವು ಯಾವುದೂ ಇಲ್ಲವೇ? ಔತಣಕೂಟಗಳು, ಮಠಾಧೀಶರ ಹೇಳಿಕೆಗಳು, ಸಮುದಾಯದ ಸಮಾವೇಶಗಳು ಎಲ್ಲವೂ ಇವೆ. ಮತದಾನಕ್ಕೆ ಒಂದು ದಿನದ ಗಡುವಿರುತ್ತದೆ, ಲಕೋಟೆಯ ರಾಜಕೀಯಕ್ಕೆ ಗಡುವೇ ಇಲ್ಲ.

ಅಧಿಕಾರ ಹಂಚಿಕೆಯ ಒಪ್ಪಂದಗಳ ಬಗ್ಗೆಯೂ ನನ್ನದು ಇದೇ ನಿಲುವು. 2006ರಲ್ಲಿ ನಮ್ಮ ಜೇವರ್ಗಿಯ ಧರ್ಮಸಿಂಗ್ ಅವರ ಸರ್ಕಾರ ಬಿದ್ದ ಮೇಲೆ ಜೆಡಿಎಸ್ ಮತ್ತು ಬಿಜೆಪಿ ತಲಾ 20 ತಿಂಗಳ ಅಧಿಕಾರದ ಒಪ್ಪಂದ ಮಾಡಿಕೊಂಡವು. ಆ ಒಪ್ಪಂದ ಜನರಿಗೆ ಗೊತ್ತಿತ್ತು. 2007ರಲ್ಲಿ ಅದು ಮುರಿದಾಗ ಮುರಿದವರು ಯಾರೆಂದೂ ಗೊತ್ತಾಯಿತು, 2008ರಲ್ಲಿ ಜನ ಬಿಜೆಪಿಗೆ 110 ಸ್ಥಾನ ಕೊಟ್ಟು ತಮ್ಮ ತೀರ್ಪು ಹೇಳಿದರು. ಒಂದೇ ಪಕ್ಷದೊಳಗಿನ ಮಾತುಕತೆಯಾದರೆ ಆ ಅವಕಾಶವೂ ನಮಗಿಲ್ಲ. ಒಬ್ಬರು ಒಪ್ಪಂದ ಇದೆ ಎನ್ನುತ್ತಾರೆ, ಇನ್ನೊಬ್ಬರು ಇಲ್ಲ ಎನ್ನುತ್ತಾರೆ, ನಾವು ಟಿ.ವಿ. ನೋಡುತ್ತ ಊಹೆ ಮಾಡುತ್ತ ಕೂರುತ್ತೇವೆ.

ಕಳೆದ ಕೆಲವು ವರ್ಷಗಳಿಂದ ನಮ್ಮೂರ ಕೆರೆಯ ದುರಸ್ತಿಯ ಅರ್ಜಿ ಹಿಡಿದು ನಾನು ಸರ್ಕಾರಿ ಕಚೇರಿಯೊಂದಕ್ಕೆ ಅಲೆಯುತ್ತಿದ್ದೇನೆ. ನಾಯಕತ್ವ ಬದಲಾವಣೆಯ ಸುದ್ದಿ ಜೋರಾಗಿದ್ದ ದಿನಗಳಲ್ಲಿ ಅಲ್ಲಿನ ಸಿಬ್ಬಂದಿಯೊಬ್ಬರು ಕಡತವನ್ನು ಪಕ್ಕಕ್ಕಿಟ್ಟು, "ಮ್ಯಾಲ ಏನಾಗ್ತದೋ ನೋಡೋಣ್ರಿ ಸರ್, ಸಾಹೇಬ್ರೂ ಬದಲಾಗಬಹುದು, ಸ್ವಲ್ಪ ತಡೀರಿ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಬೆಂಗಳೂರಿನಲ್ಲಿ ಕುರ್ಚಿ ಅಲುಗಾಡಿದರೆ 600 ಕಿಲೋಮೀಟರ್ ದೂರದ ನಮ್ಮ ತಾಲ್ಲೂಕಿನಲ್ಲಿ ಸಹಿ ನಿಲ್ಲುತ್ತದೆ. ಆ ಮಳೆಗಾಲದಲ್ಲೂ ಕೆರೆಯ ಒಡ್ಡು ಒಡೆದೇ ಇತ್ತು.

ನಮ್ಮ ಭಾಗದ ಶಾಸಕರು ಯಾವ ಪಕ್ಷದವರೇ ಆಗಿರಲಿ, ಮುಂದಿನ ಸಲ ಮತ ಕೇಳಲು ಊರಿಗೆ ಬಂದಾಗ ನಾನು ಎರಡು ಪ್ರಶ್ನೆ ಕೇಳಬೇಕೆಂದಿದ್ದೇನೆ. ಶಾಸಕಾಂಗ ಪಕ್ಷದ ಸಭೆಯಲ್ಲಿ ಮತದಾನವಾಗಲಿ, ಎಣಿಕೆ ಪ್ರಕಟವಾಗಲಿ ಎಂದು ನೀವು ಎದ್ದುನಿಂತು ಹೇಳುತ್ತೀರಾ? ಅಧಿಕಾರ ಹಂಚಿಕೆಯ ಒಪ್ಪಂದವಿದ್ದರೆ ಅದನ್ನು ನಮಗೂ ತಿಳಿಸುತ್ತೀರಾ? ಅಪ್ಪನಿಗೆ ಈಗ 81 ವರ್ಷ. ಅವರನ್ನೂ ಕಟ್ಟೆಯ ಮೇಲೆ ಕೂರಿಸಿಕೊಂಡೇ ಕೇಳುತ್ತೇನೆ.