ಪುಟ್ಟನ ಬಗ್ಗೆ ಕೇಳಿ, ಆ ರಾತ್ರಿ ಬಗ್ಗೆ ಅಲ್ಲ

ನಮ್ಮಣ್ಣನ ಮಗ ಹೋಗಿ ಮೊನ್ನೆಗೆ 11 ತಿಂಗಳಾಯ್ತು. ನಾಲ್ಕು ವರ್ಷ ಏಳು ತಿಂಗಳ ಹುಡುಗ. ಹೆಸರು ಇಲ್ಲಿ ಬರೆಯಲ್ಲ, ಅಣ್ಣ ಬೇಡ ಅಂದಿದಾನೆ, ಮನೇಲಿ ಕರೀತಿದ್ದ ಹಾಗೆ ಪುಟ್ಟ ಅಂತಲೇ ಅಂತೀನಿ. ಇದನ್ನ ಬರೀಲೋ ಬೇಡ್ವೋ ಅಂತ ಎಷ್ಟು ದಿನ ಒದ್ದಾಡಿದೀನೋ, ಕೊನೆಗೆ ಅತ್ತಿಗೆನೇ "ಬರಿ, ಆದ್ರೆ ಆಸ್ಪತ್ರೆ ಕಥೆ ಜಾಸ್ತಿ ಬೇಡ, ಅವನ ಬಗ್ಗೆ ಬರಿ" ಅಂದ್ರು.

ಈ 11 ತಿಂಗಳಲ್ಲಿ ಮನೆಗೆ ಬಂದವರು, ಫೋನ್ ಮಾಡಿದವರು, ದಾರೀಲಿ ಸಿಕ್ಕವರು ಎಲ್ರೂ ಕೇಳಿದ್ದು ಒಂದೇ ಪ್ರಶ್ನೆ, "ಏನಾಗಿತ್ತು?" ಕೇಳಿದ್ದು ತಪ್ಪು ಅಂತ ನಾನು ಅನ್ನಲ್ಲ. ಆಡ್ಕೊಂಡಿದ್ದ ಮಗು ಇದ್ದಕ್ಕಿದ್ದ ಹಾಗೆ ಇಲ್ಲ ಅಂದ್ರೆ ಯಾರಿಗಾದ್ರೂ ಎದೆ ಧಸಕ್ ಅನ್ನುತ್ತೆ, ತಮ್ಮ ಮನೆ ಮಕ್ಕಳು ಕಣ್ಮುಂದೆ ಬರ್ತಾರೆ, ಕಾರಣ ಗೊತ್ತಾದ್ರೆ ನಮ್ಮ ಮಕ್ಕಳಿಗೆ ಹಾಗಾಗದ ಹಾಗೆ ನೋಡ್ಕೋಬಹುದು ಅನ್ನೋ ಆಸೆ. ಅದಕ್ಕೇ ಅಷ್ಟನ್ನ ಇಲ್ಲೇ ಹೇಳಿ ಮುಗಿಸ್ತೀನಿ. ಎರಡು ದಿನ ನೆಗಡಿ, ಸ್ವಲ್ಪ ಜ್ವರ, ಆಮೇಲೆ ವಾಂತಿ, ತುಂಬ ಸುಸ್ತು. ಡಾಕ್ಟರಿಗೆ ತೋರಿಸಿದ್ವಿ, ವೈರಲ್ ಅಂದ್ರು, ನಿಜಕ್ಕೂ ವೈರಲ್ಲೇ. ಆದ್ರೆ ವೈರಸ್ಸಿಂದ ಅವನ ಹೃದಯದ ಮಾಂಸಖಂಡವೇ ಊದ್ಕೊಂಡಿತ್ತು, ಮಯೋಕಾರ್ಡೈಟಿಸ್ ಅಂತಾರೆ, ಪೋಸ್ಟ್‌ಮಾರ್ಟಂ ಆದ್ಮೇಲೆ ಗೊತ್ತಾಗಿದ್ದು. ಮಕ್ಕಳಲ್ಲಿ ಇದು ಅಪರೂಪ, ಶುರುವಲ್ಲಿ ವಾಂತಿ, ಹೊಟ್ಟೆನೋವು, ಸುಸ್ತು ಅಂತ ಹೊಟ್ಟೆ ಕೆಟ್ಟ ಹಾಗೇ ಕಾಣುತ್ತೆ, ನುರಿತ ಡಾಕ್ಟರುಗಳಿಗೂ ಸುಲಭಕ್ಕೆ ಸಿಗಲ್ಲ. ಉಸಿರು ವೇಗ ಆಗಿದ್ರೆ, ಮಗು ಬಿಳಿಚಿಕೊಂಡು ಕೈಕಾಲು ತಣ್ಣಗಾಗಿದ್ರೆ, ಎಬ್ಬಿಸಿದ್ರೂ ಗೆಲುವಾಗ್ತಿಲ್ಲ ಅಂದ್ರೆ ಕಾಯಬೇಡಿ, ಅಷ್ಟೇ. ಒಂದರಿಂದ ಐದು ವರ್ಷದ ಮಗು ಅಳದೆ ಸುಮ್ಮನಿರುವಾಗ ನಿಮಿಷಕ್ಕೆ 40 ಅಥವಾ ಅದಕ್ಕಿಂತ ಜಾಸ್ತಿ ಸಲ ಉಸಿರಾಡಿದ್ರೆ ಅದು ವೇಗದ ಉಸಿರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅಣ್ಣನಿಗೆ ಇದು ಗೊತ್ತಾಗಿದ್ದು ಆಮೇಲೆ. ಈಗಲೂ ರಾತ್ರಿ ಮಲಗಿದಾಗ ಆವತ್ತಿನ ಉಸಿರನ್ನ ನೆನಪಲ್ಲೇ ಎಣಿಸ್ತಾನೆ. ಎಣಿಸಿ ಎಣಿಸಿ ಸುಸ್ತಾಗಿದಾನೆ.

ನನಗೆ ಹೇಳಬೇಕಿರೋದು ಇಲ್ಲಿಂದ ಶುರು.

ವಾಂತಿ ಶುರುವಾದಾಗಿಂದ ಲೆಕ್ಕ ಹಾಕಿದ್ರೆ 14 ಗಂಟೆ. ಆ 14 ಗಂಟೆ ನಮ್ಮನೇಲಿ ಎಲ್ರಿಗೂ ನಿಮಿಷ ನಿಮಿಷ ಬಾಯಿಪಾಠ ಆಗಿದೆ. ಯಾರು ಬಾಗಿಲು ತೆಗೆದ್ರು, ಕಾರಲ್ಲಿ ಯಾರ ತೊಡೆ ಮೇಲಿದ್ದ, ನರ್ಸ್ ಏನಂದ್ರು, ಎಲ್ಲ. ಕೇಳಿದವರಿಗೆಲ್ಲ ಹೇಳಿ ಹೇಳಿ ಅದು ಕಲ್ಲಲ್ಲಿ ಕೊರೆದ ಹಾಗಾಗಿಬಿಟ್ಟಿದೆ. ಆದ್ರೆ ಅದಕ್ಕೆ ಮುಂಚೆ ಅವನು 1,600ಕ್ಕೂ ಜಾಸ್ತಿ ದಿನ ಬದುಕಿದ್ನಲ್ಲ, ಅದನ್ನ ಯಾರೂ ಕೇಳಲಿಲ್ಲ. ಆರು ತಿಂಗಳಾದ್ಮೇಲೆ ಒಂದು ದಿನ ಅತ್ತಿಗೆ ಪಾತ್ರೆ ತೊಳೀತಾ ಹಾಗೇ ನಿಂತುಬಿಟ್ರು. "ಅವನು ಏಣಿಗೆ ಏನಂತಿದ್ದ?" ಅಂದ್ರು. ನಮಗ್ಯಾರಿಗೂ ನೆನಪಾಗಲಿಲ್ಲ. ಒಂದು ವಿಚಿತ್ರ ಪದ ಇತ್ತು, ಅವನೇ ಮಾಡ್ಕೊಂಡಿದ್ದು, ದಿನಾ ಕೇಳಿ ನಗ್ತಿದ್ವಿ. ಹೋಗಿಬಿಟ್ಟಿದೆ, ಇವತ್ತಿಗೂ ಸಿಕ್ಕಿಲ್ಲ. ಅವತ್ತು ಅತ್ತಿಗೆ ಅತ್ತ ಹಾಗೆ ಆಸ್ಪತ್ರೇಲೂ ಅತ್ತಿರಲಿಲ್ಲ.

ಆವತ್ತೇ ನಾನೊಂದು ನೋಟ್‌ಬುಕ್ ತಂದೆ. ಈ ಯೋಚನೆ ಬಂದಿದ್ದು ಎಲ್ಲಿಂದ ಅಂದ್ರೆ, ಡಾರ್ವಿನ್ ಬಗ್ಗೆ ಹಿಂದೆ ಓದಿದ್ದೆ. ಅವನ ಮಗಳು ಆನಿ ಹತ್ತನೇ ವಯಸ್ಸಿಗೆ, 1851ರ ಏಪ್ರಿಲ್ 23ಕ್ಕೆ ತೀರ್ಕೊಂಡ್ಳು. ಅವಳದ್ದು ನಮ್ಮ ಹುಡುಗನ ಥರ ಒಂದೇ ರಾತ್ರಿ ಆಗಿದ್ದಲ್ಲ, ತಿಂಗಳುಗಟ್ಟಲೆ ಹುಷಾರಿರಲಿಲ್ಲ. ಅವಳು ಹೋಗಿ ಒಂದೇ ವಾರಕ್ಕೆ, ಏಪ್ರಿಲ್ 30ಕ್ಕೆ, ಆ ಮನುಷ್ಯ ಕೂತು ಅವಳ ಬಗ್ಗೆ ಬರೆದಿಟ್ಟ, ಮುಂದೆ ನಾವು ಬದುಕಿದ್ರೆ ಅವಳ ಗುಣ ಇನ್ನಷ್ಟು ಚೆನ್ನಾಗಿ ನೆನಪಾಗಲಿ ಅಂತ. ಅದರಲ್ಲಿ ಕಾಯಿಲೆ ಸ್ವಲ್ಪವೇ ಇದೆ. ಅಪ್ಪನ ತಲೆ ಕೂದಲನ್ನ ಅರ್ಧ ಗಂಟೆ ಕೂತು ಚಂದ ಮಾಡ್ತಿದ್ದಿದ್ದು, ಅವನಿಗೆ ಅಂತ ಒಂದು ಚಿಟಿಕೆ ನಶ್ಯ ಕದ್ದು ತಂದು ಮೆಟ್ಟಿಲು ಇಳಿದು ಓಡಿ ಬರ್ತಿದ್ದಿದ್ದು, ಇಂಥದ್ದೇ. ಅಷ್ಟು ದೊಡ್ಡ ವಿಜ್ಞಾನಿ, ಎಲ್ಲದಕ್ಕೂ ಕಾರಣ ಹುಡುಕೋನು, ಮಗಳು ಹೋದಾಗ ಬರೆದಿಟ್ಟಿದ್ದು ಅವಳು ಹೇಗಿದ್ಳು ಅನ್ನೋದನ್ನ.

ನಮ್ಮ ನೋಟ್‌ಬುಕ್ಕಲ್ಲಿ ಏನೇನೋ ಇದೆ. ಪುಟ್ಟ ಎಣಿಸುವಾಗ ಏಳು ಬಿಟ್ಟುಬಿಡ್ತಿದ್ದ, ಐದು ಆರು ಎಂಟು. ತಿದ್ದಿದ್ರೆ "ಏಳು ಅಕ್ಕಂದು" ಅಂತಿದ್ದ, ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಬಾತ್‌ರೂಮ್ ಬಾಗಿಲನ್ನ ಒಳಗಿಂದಲೂ ತಟ್ಟಿ ಆಮೇಲೆ ಹೊರಗೆ ಬರ್ತಿದ್ದ. ಬೇಜಾರಾದ್ರೆ ಅಳ್ತಿರಲಿಲ್ಲ, ಸೀದಾ ಹೋಗಿ ಫ್ರಿಡ್ಜಿಗೆ ಹಣೆ ಕೊಟ್ಟು ನಿಲ್ತಿದ್ದ, ತಣ್ಣಗಿರುತ್ತೆ ಅಂತ. ನಮ್ಮಮ್ಮ ಒಂದು ಸಾಲು ಬರೆಸಿದಾರೆ, "ಅವನ ಕೈ ಯಾವಾಗ್ಲೂ ಬಿಸಿ ಇರ್ತಿತ್ತು" ಅಂತ. ಅವನು ಹಟಮಾರಿ ಆಗಿದ್ದ, ಅಕ್ಕನ್ನ ಕಚ್ತಿದ್ದ, ಅದನ್ನೂ ಬರೆದಿದೀವಿ. ಹೋದ ಮಗೂನ ದೇವರ ಹಾಗೆ ಮಾಡಿಬಿಟ್ರೆ ನಮ್ಮ ಹುಡುಗ ನಮಗೇ ಗುರುತು ಸಿಗಲ್ಲ.

ಸಮಾಧಾನ ಹೇಳೋಕೆ ಬರೋರಿಗೆ ಕೈ ಮುಗಿದು ಒಂದು ಮಾತು. "ಋಣ ಅಷ್ಟೇ ಇತ್ತು" ಅಂತ ದಯವಿಟ್ಟು ಹೇಳಬೇಡಿ. "ಇನ್ನೊಬ್ಬಳು ಇದಾಳಲ್ಲ" ಅಂತಂತೂ ಅವಳ ಎದುರಿಗೆ ಹೇಳಲೇಬೇಡಿ. ಹೆಸರು ಎತ್ತಿದ್ರೆ ಅಮ್ಮನಿಗೆ ನೆನಪಾಗುತ್ತೆ ಅಂತ ಎಲ್ರೂ ಹೆಸರು ನುಂಗ್ಕೊಳ್ತಾರೆ, ಅವರು ಮರೆತಿದ್ರೆ ತಾನೇ ನೆನಪಾಗೋದು? ಏನೂ ತೋಚದಿದ್ರೆ "ಅವನ ಒಂದು ವಿಷಯ ಹೇಳಿ" ಅಂತ ಕೇಳಿ. ಅತ್ತಿಗೆ ಅಳಬಹುದು, ಆದ್ರೆ ಹೇಳ್ತಾರೆ, ಹೇಳ್ತಾ ಹೇಳ್ತಾ ನಗ್ತಾರೆ ಕೂಡ, ನಾನು ನೋಡಿದೀನಿ.

ಅಕ್ಕನ ವಿಷಯ ಹೇಳಲೇಬೇಕು. ಆಗ ಅವಳಿಗೆ ಆರು ವರ್ಷ. ಯಾರೋ ಪಾಪ ಒಳ್ಳೆ ಮನಸ್ಸಿಂದಲೇ "ತಮ್ಮ ಮಲಗಿಬಿಟ್ಟಿದಾನೆ ಪುಟ್ಟಿ, ಇನ್ನು ಏಳಲ್ಲ" ಅಂದ್ರು. ಅವತ್ತಿಂದ ಹುಡುಗಿ ನಿದ್ದೆನೇ ಮಾಡಲ್ಲ. ಅಪ್ಪ ಕಣ್ಣು ಮುಚ್ಚಿದ್ರೆ ರೆಪ್ಪೆ ಎತ್ತಿ ನೋಡ್ತಿದ್ಳು. ಆಮೇಲೆ ಕೌನ್ಸೆಲರ್ ಹೇಳಿಕೊಟ್ರು, ಮಕ್ಕಳಿಗೆ ಮಲಗಿದಾನೆ, ಎಲ್ಲೋ ಹೋಗಿದಾನೆ ಅನ್ನಬಾರದು, ಸತ್ತ ಅನ್ನೋ ಪದವನ್ನೇ ಹೇಳಬೇಕು, ಅವನ ಹೃದಯ ಕೆಲಸ ನಿಲ್ಲಿಸ್ತು, ನೀನು ಅವನ ಜೊತೆ ಜಗಳ ಆಡಿದ್ದಕ್ಕೆ ಅಲ್ಲ ಅಂತ ಬಿಡಿಸಿ ಹೇಳಬೇಕು ಅಂತ. ಅಣ್ಣನಿಗೆ ಆ ಪದ ಬಾಯಿಗೆ ಬರಲಿಲ್ಲ, ನಾನೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು "ಹಾಗಾದ್ರೆ ಅವನ ಸೈಕಲ್?" ಅಂದ್ಳು, ಹೊರಗೆ ಆಡೋಕೆ ಹೋದ್ಳು. ಮಕ್ಕಳ ದುಃಖ ಹಾಗೇನೇ, ಬರುತ್ತೆ ಹೋಗುತ್ತೆ ಮತ್ತೆ ಬರುತ್ತೆ, ಅವಳಿಗೇನೂ ಅನಿಸ್ತಿಲ್ಲ ಅಂತ ನಾವು ತಪ್ಪು ತಿಳ್ಕೊಂಡಿದ್ವಿ.

ಹೋದ ವಾರ ನನ್ನ ಓಲೆ ತಿರುಪು ಬಿದ್ದು ಊಟದ ಟೇಬಲ್ ಕೆಳಗೆ ಉರುಳಿಹೋಯ್ತು. ಬಗ್ಗಿ ಒಳಗೆ ತೂರಿ ಮೇಲೆ ನೋಡಿದ್ರೆ, ಟೇಬಲ್ ಹಲಗೆಯ ಒಳಮೈ ತುಂಬ ನೀಲಿ ಕ್ರೇಯಾನ್. ಸುತ್ತು ಸುತ್ತು ಗೆರೆ, ಅರ್ಧ ಅಂಟಿರೋ ಸ್ಟಿಕ್ಕರ್, ಕಾಲು ಮಾತ್ರ ಇರೋ ಯಾವುದೋ ಪ್ರಾಣಿ. ಅಂಗಾತ ಮಲಗದೆ ಬರೆಯೋಕೇ ಆಗಲ್ಲ ಅಲ್ಲಿ. ಅವನು ಅಷ್ಟು ಹೊತ್ತು ಸದ್ದಿಲ್ಲದೆ ಕೆಳಗೆ ಸೇರ್ಕೊಂಡಿದ್ದಾಗ ಬಚ್ಚಿಟ್ಕೊಂಡಿದಾನೆ ಅಂದ್ಕೊಳ್ತಿದ್ವಿ. ನಾನು ಕೂಗಿದೆ, ಅತ್ತಿಗೆ ಬಂದ್ರು. ಸಂಜೆ ಅಣ್ಣ ಆಫೀಸಿಂದ ಬಂದವನು ಮಾತೇ ಆಡಲಿಲ್ಲ, ಶೂ ಕೂಡ ಬಿಚ್ಚದೆ ಹಾಗೇ ಟೇಬಲ್ ಕೆಳಗೆ ಅಂಗಾತ ಮಲಗಿಬಿಟ್ಟ, ಮೊಣಕಾಲಿಂದ ಕೆಳಗೆ ಹೊರಗೇ ಇತ್ತು. ಸ್ವಲ್ಪ ಹೊತ್ತಾದ್ಮೇಲೆ "ಟಾರ್ಚ್ ಕೊಡು" ಅಂದ. ಮಗಳು ಮೊಬೈಲ್ ತಗೊಂಡು ಅವನ ಪಕ್ಕ ತೂರ್ಕೊಂಡ್ಳು.

"ಇದು ನಂದು ಅಪ್ಪ, ಇದು ಅವನ್ದು, ಇದೂ ಅವನ್ದು. ಇದು ಇಬ್ರೂ ಸೇರಿ ಮಾಡಿದ್ದು."

"ನಿಂಗೆ ಗೊತ್ತಿತ್ತಾ ಇದು ಇಲ್ಲಿದೆ ಅಂತ?"

"ಹೂಂ."

"ಹೇಳ್ಲೇ ಇಲ್ವಲ್ಲ ಚಿನ್ನಾ."

"ನೀವ್ಯಾರೂ ಕೇಳ್ಲೇ ಇಲ್ಲ" ಅಂದ್ಳು. ಆಮೇಲೆ ಟಾರ್ಚನ್ನ ಆ ಕಾಲು ಮಾತ್ರ ಇರೋ ಪ್ರಾಣಿ ಮೇಲೆ ಹಿಡಿದು, ಅದರ ತಲೆ ಯಾಕಿಲ್ಲ ಅಂತ ಅಪ್ಪನಿಗೆ ಹೇಳೋಕೆ ಶುರು ಮಾಡಿದ್ಳು.